ಕೈಗಾದ ಎರಡು ಮೇ 13

(1)
ಕೈಗಾ ಅಂದ ಕೂಡಲೇ ಬಹಳ ಜನಕ್ಕೆ ನೆನಪಾಗೋದು 962 ದಿನದ ದಾಖಲೆ. 1ನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ ಒಂದು ದಿನವೂ ನಿಲ್ಲದೆ ಓಡಿತು. ಅದಕ್ಕೂ ಮುಂಚೆ ಇಂಗ್ಲೆಂಡಿನ ಹೇಶಮ್ ಸ್ಥಾವರದ 940 ದಿನವೇ ಪ್ರಪಂಚದಲ್ಲಿ ದೊಡ್ಡದು. ಪಿಡಿಒ, ಎಫ್‌ಡಿಎ ಅಂತ ಓದ್ತಿರೋರು ಇದನ್ನ ಬಾಯಿಪಾಠ ಮಾಡಿರ್ತೀರಿ.

ಅದೇ ಘಟಕಕ್ಕೆ ಇನ್ನೊಂದು ಮೇ 13 ಇದೆ. ಅದು 1994ರದ್ದು. ಇವತ್ತು ಅದರ ಕಥೆ. ಉದ್ದ ಇದೆ, ಸೇವ್ ಮಾಡಿಟ್ಕೊಂಡು ಓದ್ರಿ.

(2)
ಕಾರವಾರ ತಾಲ್ಲೂಕಿನ ಕಾಡಲ್ಲಿ, ಕಾಳಿ ನದಿಯ ಕದ್ರಾ ಜಲಾಶಯದ ಪಕ್ಕ, 1989ರಲ್ಲಿ ಕಾಂಕ್ರೀಟ್ ಹಾಕೋದು ಶುರುವಾಯ್ತು. ಅದೇ ವರ್ಷ ಶಿವರಾಮ ಕಾರಂತರು ಕೈಗಾ ಬೇಡ ಅಂತ ಲೋಕಸಭೆ ಚುನಾವಣೆಗೇ ನಿಂತರು. ಸೋತರು. ಕೆಲಸ ಮುಂದುವರಿಯಿತು.

ರಿಯಾಕ್ಟರ್ ಕಟ್ಟಡಕ್ಕೆ ಎರಡು ಗೋಡೆ, ಒಂದರೊಳಗೆ ಒಂದು. ಒಳಗಡೆ ಏನಾದ್ರೂ ಅನಾಹುತ ಆದ್ರೆ ವಿಕಿರಣ ತುಂಬಿದ ಆವಿ ಹೊರಗೆ ಬರದ ಹಾಗೆ ಹಿಡಿಯೋದು ಒಳಗಿನ ಗೋಡೆ ಮತ್ತು ಅದರ ಮೇಲಿನ ಗುಮ್ಮಟದ ಕೆಲಸ. 1994ರ ಮೇ 13ರಂದು ಆ ಒಳ ಗುಮ್ಮಟದ ಕೆಳಪದರವೇ ಕಳಚಿ ಬಿತ್ತು. ಸುಮಾರು 130 ಟನ್ ಕಾಂಕ್ರೀಟ್. 14 ಕಾರ್ಮಿಕರಿಗೆ ಗಾಯ. ಜೀವ ಹೋಗಲಿಲ್ಲ ಅನ್ನೋದೇ ದೊಡ್ಡದು. ರಿಯಾಕ್ಟರ್‌ಗೆ ಇಂಧನ ಇನ್ನೂ ತುಂಬಿರಲಿಲ್ಲ.

(3)
ಯಾಕೆ ಬಿತ್ತು? ನಮ್ಮ ಹಡಗಲಿ ಕಡೆಯವರಿಗೆ ಹೇಳೋದು ಸುಲಭ: ಉಳ್ಳಾಗಡ್ಡಿ ಪದರ ಬಿಟ್ಟಂಗ ಬಿಟ್ಟಿತ್ತು.

ಕಾಂಕ್ರೀಟನ್ನ ಒತ್ತಿದ್ರೆ ತಡೆಯುತ್ತೆ, ಎಳೆದ್ರೆ ಬಿರಿಯುತ್ತೆ. ಅದಕ್ಕೇ ಒಳಗೆ ಉಕ್ಕಿನ ಕೇಬಲ್ ಹಾಯಿಸಿ, ಜ್ಯಾಕ್ ಹಾಕಿ ಎಳೆದು, ಕಾಂಕ್ರೀಟನ್ನ ಮೊದಲೇ ಬಿಗಿದು ಇಡ್ತಾರೆ. ಆದ್ರೆ ಗುಮ್ಮಟದಲ್ಲಿ ಕೇಬಲ್ ಬಾಗಿರುತ್ತೆ. ಬಾಗಿದ್ದನ್ನ ಎಳೆದ್ರೆ ಅದು ನೇರ ಆಗೋಕೆ ನೋಡುತ್ತೆ, ಕೆಳಗಿನ ಕಾಂಕ್ರೀಟನ್ನ ಒಳಕ್ಕೆ ಒತ್ತುತ್ತೆ. ಮೇಲಿನದು ಕೆಳಗೆ ಬರಲ್ಲ. ನಡುವೆ ಎರಡನ್ನೂ ಬೇರ್ಪಡಿಸೋ ಎಳೆತ ಹುಟ್ಟುತ್ತೆ. ಸಾಲದ್ದಕ್ಕೆ ಸ್ಟೀಮ್ ಜನರೇಟರ್ ಇಳಿಸೋಕೆ ಅಂತ ಗುಮ್ಮಟದಲ್ಲಿ ದೊಡ್ಡ ದೊಡ್ಡ ಕಿಂಡಿ ಬಿಟ್ಟಿದ್ರು, ಅವುಗಳ ಸುತ್ತ ಕೇಬಲ್‌ಗಳು ಇನ್ನೂ ಬಾಗಿ ಹೋಗ್ತವೆ. ಈ ಎಳೆತವನ್ನ ವಿನ್ಯಾಸದ ಲೆಕ್ಕದಲ್ಲಿ ಸರಿಯಾಗಿ ಹಿಡಿದಿರಲಿಲ್ಲ. ಮೇಸ್ತ್ರಿದಲ್ಲ, ಸಿಮೆಂಟಿನದ್ದೂ ಅಲ್ಲ, ತಪ್ಪು ಡ್ರಾಯಿಂಗ್‌ನಲ್ಲೇ ಇತ್ತು. ನನಗೆ ಈ ಇಡೀ ಕಥೆಯಲ್ಲಿ ಹೆಚ್ಚು ಭಯ ಹುಟ್ಟಿಸಿದ್ದು ಇದೇ.

(4)
ಆಮೇಲೆ ಮಾಡಿದ್ದು ತೇಪೆ ಕೆಲಸ ಅಲ್ಲ. ಗುಮ್ಮಟವನ್ನ ಹೊಸದಾಗಿ ವಿನ್ಯಾಸ ಮಾಡಿದ್ರು. ಪದರ ಬಿಡದ ಹಾಗೆ ದಪ್ಪದ ದಿಕ್ಕಿಗೂ ಸರಳು ಹಾಕಿದ್ರು, ಸಿಲಿಕಾ ಫ್ಯೂಮ್ ಬೆರೆಸಿದ ಗಟ್ಟಿ ಕಾಂಕ್ರೀಟ್ ಬಳಸಿದ್ರು. ರಾಜಸ್ಥಾನದ 3, 4ನೇ ಘಟಕಗಳ ಗುಮ್ಮಟಗಳನ್ನೂ ಬದಲಿಸಬೇಕಾಯ್ತು. ಕೊನೆಗೆ ಕಟ್ಟಡದೊಳಗೆ ಗಾಳಿ ತುಂಬಿ, ವಿನ್ಯಾಸದ ಒತ್ತಡಕ್ಕಿಂತ ಹೆಚ್ಚು ಒತ್ತಡ ಕೊಟ್ಟು, ಗೋಡೆ ಎಷ್ಟು ಉಬ್ಬುತ್ತೆ, ಗಾಳಿ ಎಷ್ಟು ಸೋರುತ್ತೆ ಅಂತ ಅಳೆಯೋ ಪರೀಕ್ಷೆ. ಅದರಲ್ಲಿ ಪಾಸಾಗದೆ ಮುಂದಿನ ಹೆಜ್ಜೆ ಇಲ್ಲ. 2ನೇ ಘಟಕ 2000ದ ಮಾರ್ಚ್‌ನಲ್ಲಿ, 1ನೇ ಘಟಕ ಅದೇ ವರ್ಷ ನವೆಂಬರ್‌ನಲ್ಲಿ ವಿದ್ಯುತ್ ಮಾರೋಕೆ ಶುರು ಮಾಡಿದವು. ಹೌದು, ಎರಡನೇದು ಮೊದಲು ಬಂತು.

(5)
ಈಗ 962 ದಿನಕ್ಕೆ ಬರೋಣ. ಕೈಗಾದಲ್ಲಿ ಇಂಧನ ಬದಲಿಸೋಕೆ ರಿಯಾಕ್ಟರ್ ನಿಲ್ಲಿಸಬೇಕಿಲ್ಲ. ಅಡ್ಡಡ್ಡ ಮಲಗಿಸಿದ 306 ನಳಿಕೆಗಳಿವೆ, ಎರಡೂ ತುದಿಗೆ ಒಂದೊಂದು ಯಂತ್ರ ಬಂದು ಕೂತು, ಒಂದು ಕಡೆಯಿಂದ ಹೊಸದನ್ನ ತಳ್ಳಿದ್ರೆ ಇನ್ನೊಂದು ಕಡೆಯಿಂದ ಹಳೇದು ಬರುತ್ತೆ. ಓಡುತ್ತಿರುವಾಗಲೇ.

ಪರೀಕ್ಷೆಗಳೂ ಹಾಗೇ. ರಿಯಾಕ್ಟರ್ ನಿಲ್ಲಿಸೋ ಸುರಕ್ಷಾ ಸಂಕೇತಕ್ಕೆ ಮೂರು ಬೇರೆ ಬೇರೆ ಚಾನೆಲ್. ಮೂರರಲ್ಲಿ ಎರಡು ಹೌದು ಅಂದ್ರೆ ನಿಲ್ಲುತ್ತೆ. ಹಾಗಾಗಿ ಒಂದನ್ನ ಪರೀಕ್ಷೆಗೆ ತೆಗೆದ್ರೂ ಉಳಿದೆರಡು ಕಾಯ್ತಿರ್ತವೆ. ತುರ್ತು ಡೀಸೆಲ್ ಜನರೇಟರ್‌ಗಳನ್ನ ಆಗಾಗ ಸುಮ್ಮನೆ ಓಡಿಸಿ ನೋಡ್ತಾರೆ. ಸುರಕ್ಷೆಗೆ ಸಂಬಂಧಪಟ್ಟ ಉಪಕರಣದಲ್ಲಿ ಬದಲಾವಣೆ ಮಾಡಬೇಕಂದ್ರೆ ಮೊದಲು ಸ್ಥಾವರದ ಸಮಿತಿ, ಆಮೇಲೆ ಎನ್‌ಪಿಸಿಐಎಲ್ ಕೇಂದ್ರ ಕಚೇರಿ, ಆಮೇಲೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಸಾರ್ಕಾಪ್ ಸಮಿತಿ. ನಮ್ಮ ವೋಚರ್ ಪಾಸಾಗೋ ಥರಾನೇ, ಇಲ್ಲಿ ಸಹಿ ಸ್ವಲ್ಪ ಜಾಸ್ತಿ.

ಈ ಪದ್ಧತಿ ಪುಸ್ತಕದಿಂದಷ್ಟೇ ಬಂದದ್ದಲ್ಲ. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾದಲ್ಲಿ ಟರ್ಬೈನ್ ಬ್ಲೇಡ್ ಮುರಿದು, ಬೆಂಕಿ ಹತ್ತಿ, ಕೇಬಲ್‌ಗಳು ಸುಟ್ಟು, ಇಡೀ ಸ್ಥಾವರಕ್ಕೆ 17 ಗಂಟೆ ಕರೆಂಟೇ ಇರಲಿಲ್ಲ. ಡೀಸೆಲ್‌ನಿಂದ ಓಡೋ ಬೆಂಕಿ ಆರಿಸೋ ಪಂಪಿನ ನೀರು ಬಿಟ್ಟು ಕಾಪಾಡಿದ್ರು. 2011ರ ಫುಕುಶಿಮಾ ಆದಮೇಲೆ, ಹೊರಗಿನಿಂದ ಪೈಪ್ ಜೋಡಿಸಿ ನೀರು ಬಿಡೋ ವ್ಯವಸ್ಥೆಯನ್ನ ದೇಶದ ಸ್ಥಾವರಗಳಲ್ಲಿ ಸೇರಿಸಿದ್ರು.

(6)
ಬಿಕಾಂ ಬುದ್ಧಿ ಬಿಡಲ್ಲ, ಲೆಕ್ಕ ಹಾಕಿದೆ. 220 ಮೆಗಾವಾಟ್, ದಿನಕ್ಕೆ 24 ಗಂಟೆ, 962 ದಿನ: ಸುಮಾರು 508 ಕೋಟಿ ಯೂನಿಟ್. ನಿಜವಾಗಿ ಬಂದದ್ದೂ ಸರಿಸುಮಾರು 500 ಕೋಟಿ. ಇಂಥ ಸ್ಥಾವರದಲ್ಲಿ ಖರ್ಚೆಲ್ಲ ಕಟ್ಟೋದರಲ್ಲೇ, ಓಡಿಸೋದಕ್ಕೆ ಕಡಿಮೆ. ಅಂದ್ರೆ ನಿಲ್ಲಿಸಿದ ಪ್ರತಿ ದಿನವೂ ನಷ್ಟ. ನಿಲ್ಲಿಸಬೇಡಿ ಅನ್ನೋ ಆಸೆ ಲೆಡ್ಜರ್‌ನಲ್ಲೇ ಇರುತ್ತೆ. ಹಾಗಿದ್ದಾಗ ನಿಲ್ಲಿಸಿ ಅನ್ನೋನು ಯಾರ ಕೈಕೆಳಗಿದ್ದಾನೆ ಅನ್ನೋದು ಮುಖ್ಯ ಆಗುತ್ತೆ.

ಗುಮ್ಮಟ ಬಿದ್ದಾಗ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ ಮುಂದೆ ಬಹಳ ವರ್ಷ ಇದೇ ಮಾತು ಎತ್ತಿದರು: ಮಂಡಳಿ ಸ್ವತಂತ್ರ ಆಗಬೇಕು. 2012ರಲ್ಲಿ ಸಿಎಜಿ ವರದಿಯೂ ಮಂಡಳಿಯ ಸ್ವಾತಂತ್ರ್ಯ, ಕಾನೂನಿನ ಬಲ ಸಾಲದು ಅಂತ ಹೇಳಿತು. ಆಡಿಟಿಂಗ್ ಪೇಪರ್‌ನಲ್ಲಿ 'ಲೆಕ್ಕಪರಿಶೋಧಕನ ಸ್ವಾತಂತ್ರ್ಯ' ಐದು ಮಾರ್ಕ್ಸಿಗೆ ಬರುತ್ತಲ್ಲ, ಅದೇ ವಿಷಯ, ರಿಯಾಕ್ಟರ್‌ಗೆ ಹಚ್ಚಿ ನೋಡ್ರಿ.

2018ರ ಡಿಸೆಂಬರ್ 31ರಂದು 1ನೇ ಘಟಕ ಕೆಟ್ಟು ನಿಂತದ್ದಲ್ಲ. ತಪಾಸಣೆ, ನಿರ್ವಹಣೆಗೆ ಅಂತ ನಿಲ್ಲಿಸಿದ್ದು. ಆ ದಾಖಲೆಯನ್ನ 2020ರಲ್ಲಿ ಕೆನಡಾದ ಡಾರ್ಲಿಂಗ್ಟನ್ 1ನೇ ಘಟಕ ಮುರಿಯಿತು. ಗೈಡ್‌ನಲ್ಲಿ ಇನ್ನೂ ಕೈಗಾ ಅಂತಲೇ ಇದ್ರೆ ಪೆನ್ಸಿಲ್‌ನಲ್ಲಿ ತಿದ್ಕೊಳ್ರಿ.

#ಕೈಗಾ #ನಮ್ಮಇತಿಹಾಸ #ಹಿರೇಹಡಗಲಿ #ಕನ್ನಡ