ಹಿರೋಡೆಯ ಪರಂಗಿಗಳೂ ಗಂಜಾಮಿನ ದೊಡ್ಡಸ್ವಾಮಿಯವರೂ

ಶ್ರೀರಂಗಪಟ್ಟಣದ ದ್ವೀಪವನ್ನು ಬಿಟ್ಟು, ಕಾವೇರಿಯ ಉತ್ತರದ ಕವಲನ್ನು ದಾಟಿ, ನಾಲ್ಕು ಮೈಲಿಯಷ್ಟು ಮುಂದೆ ಹೋದರೆ ಕಬ್ಬಿನ ಗದ್ದೆಗಳ ಆಚೆಗೆ ಹೆಬ್ಬಂಡೆಗಳ ಬೆಟ್ಟವೊಂದು ಕಣ್ಣಿಗೆ ಬೀಳುತ್ತದೆ. ಅದರ ಆಸುಪಾಸಿನ ಊರಿಗೆ ಹಿರೋಡೆಯೆಂಬುದು ಪೂರ್ವದ ಹೆಸರು, ಪಾಂಡವಪುರವೆಂಬುದು ಈಗಿನದು; ಇವೆರಡರ ನಡುವೆ ಸುಮಾರು ಒಂದೂವರೆ ಶತಮಾನ ಕಾಲ ಸರ್ಕಾರದ ದಫ್ತರಗಳಲ್ಲಿಯೂ, ರೈಲು ಬಂದ ಮೇಲೆ ನಿಲ್ದಾಣದ ಹಲಗೆಯ ಮೇಲೆಯೂ ಫ್ರೆಂಚ್ ರಾಕ್ಸ್ ಎಂಬ ಹೆಸರು ನೆಲೆಸಿದ್ದಿತು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಇಲ್ಲಿ ಬೀಡುಬಿಟ್ಟಿದ್ದುದೇ ಅದಕ್ಕೆ ಕಾರಣ. ಅದೇ ಬೆಟ್ಟವನ್ನು ಸ್ಥಳದ ಜನ ಕುಂತೀಬೆಟ್ಟವೆಂದು ಕರೆದು, ವನವಾಸಕಾಲದಲ್ಲಿ ಪಾಂಡವರು ತಾಯಿಯೊಡನೆ ಇಲ್ಲಿ ತಂಗಿದ್ದರೆಂದು ಹೇಳುತ್ತ ಬಂದಿದ್ದಾರೆ. ಪುರಾಣವನ್ನು ನಂಬಿದರೂ ಸರಿ, ಚರಿತ್ರೆಯನ್ನು ನಂಬಿದರೂ ಸರಿ, ಈ ಬಂಡೆಗಳ ಸ್ಮೃತಿಯೆಲ್ಲ ಸ್ವದೇಶವನ್ನು ಬಿಟ್ಟು ಬಂದವರದೇ.

ಆ ಫ್ರೆಂಚರು ಮಾಡಿದ ಯುದ್ಧಗಳನ್ನು ಕುರಿತು ಗ್ರಂಥಗಳು ಬೇಕಾದಷ್ಟಿವೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕಾಳಗದ ವರ್ಣಚಿತ್ರದಲ್ಲಿ, ಮದ್ದಿನ ಬಂಡಿ ಸಿಡಿದು ಕಂಗೆಟ್ಟ ಇಂಗ್ಲಿಷರ ಚೌಕವನ್ನೂ, ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೆಯ್ಲಿಯನ್ನೂ, ದುರ್ಬೀನು ಹಿಡಿದು ಇದೆಲ್ಲವನ್ನು ನೋಡುತ್ತಿರುವ ಫ್ರೆಂಚ್ ದಳಪತಿ ಲಾಲಿಯನ್ನೂ ಇಂದಿಗೂ ಕಾಣಬಹುದು. ಆದರೆ ನನ್ನ ಮನಸ್ಸನ್ನು ಬಹುಕಾಲದಿಂದ ಹಿಡಿದಿರುವ ಪ್ರಶ್ನೆ ಕಾಳಗದ್ದಲ್ಲ, ಕಾಳಗವಿಲ್ಲದ ದಿನಗಳದು. ದುರ್ಬೀನನ್ನು ಕೆಳಗಿಟ್ಟ ಮೇಲೆ ಆ ಮನುಷ್ಯ ಏನು ಉಣ್ಣುತ್ತಿದ್ದನು, ಏನು ಕುಡಿಯುತ್ತಿದ್ದನು, ಜ್ವರ ಬಂದರೆ ಯಾರನ್ನು ಕರೆಯುತ್ತಿದ್ದನು, ಸತ್ತರೆ ಯಾವ ಪಾದ್ರಿ ಬಂದು ಮಂತ್ರ ಹೇಳುತ್ತಿದ್ದನು? ಪರದೇಶವಾಸದ ಕಷ್ಟಸುಖಗಳು ಇರುವುದು ಇಂಥ ಪ್ರಶ್ನೆಗಳಲ್ಲಿಯೇ ಹೊರತು ಸಂಧಿಪತ್ರಗಳಲ್ಲಿ ಅಲ್ಲ.

ಮೊದಲನೆಯದಾಗಿ ಆಹಾರ. ಈ ಸೀಮೆ ರಾಗಿಯದು, ಕಾಲುವೆಯ ನೀರು ಹರಿದ ಕಡೆ ಭತ್ತದ್ದು. ಗೋಧಿ ಇಲ್ಲಿಯ ದಿನಬಳಕೆಯ ಧಾನ್ಯವಲ್ಲ. ಹುಳಿಯೆದ್ದ ಗೋಧಿಹಿಟ್ಟಿನ ರೊಟ್ಟಿಯೂ ದ್ರಾಕ್ಷಿಯ ಮದ್ಯವೂ ಇಲ್ಲದೆ ಊಟವೆಂಬುದೇ ಇಲ್ಲವೆಂದು ತಿಳಿದು ಬೆಳೆದವನಿಗೆ ಇದು ಅಲ್ಪವಾದ ವಿಷಯವಾಗಿರಲಾರದು. ಸ್ವದೇಶದ ಪದಾರ್ಥಗಳು ಬರಬೇಕಾಗಿದ್ದುದು ಫ್ರೆಂಚರ ಬಂದರುಗಳಿಂದ, ಎಂದರೆ ಪೂರ್ವದಲ್ಲಿ ಪುದುಚೇರಿಯಿಂದ, ಪಶ್ಚಿಮದಲ್ಲಿ ಮಾಹೆಯಿಂದ. ಹೈದರನಿಗೆ ಮದ್ದುಗುಂಡು ಒದಗುತ್ತಿದ್ದುದು ಮುಖ್ಯವಾಗಿ ಮಾಹೆಯ ದಾರಿಯಲ್ಲಿಯೇ. 1778ರಲ್ಲಿ ಪುದುಚೇರಿಯೂ, ಮರುವರ್ಷ ಮಾಹೆಯೂ ಇಂಗ್ಲಿಷರ ವಶವಾದಾಗ, ಮದ್ದುಗುಂಡಿಗೆ ಒದಗಿದ ಗತಿಯೇ ಮದ್ಯದ ಪೀಪಾಯಿಗೂ ಒದಗಿತೆಂದು ಊಹಿಸಲು ಹೆಚ್ಚಿನ ಸಾಕ್ಷ್ಯ ಬೇಕಿಲ್ಲ. ಮುಂದೆ ಟಿಪ್ಪು ತನ್ನ ರಾಜ್ಯದಲ್ಲಿ ಮದ್ಯವನ್ನು ನಿಷೇಧಿಸಿದಾಗಲೂ ಫ್ರೆಂಚರ ಪಾಳೆಯಕ್ಕೆ ಮಾತ್ರ, ಅದೂ ಅವರಿಗೆ ಮಾತ್ರವೇ ಮಾರಬೇಕೆಂಬ ಕಟ್ಟಿನೊಡನೆ, ಅಂಗಡಿಯೊಂದಕ್ಕೆ ಅಪ್ಪಣೆಯಿದ್ದಿತು. ಧರ್ಮಶ್ರದ್ಧೆಯ ವಿಷಯದಲ್ಲಿ ಅಷ್ಟು ಕಠಿಣನಾಗಿದ್ದ ಪ್ರಭು ಈ ಒಂದು ಕಡೆ ಸಡಿಲಗೊಂಡನೆಂದರೆ, ಪರದೇಶದ ಸಿಪಾಯಿಯನ್ನು ಉಳಿಸಿಕೊಳ್ಳಲು ಸಂಬಳವೊಂದೇ ಸಾಲದೆಂಬುದನ್ನು ಅವನು ಬಲ್ಲವನಾಗಿದ್ದನು.

ಜ್ವರದ ಮಾತನ್ನು ಶ್ರೀರಂಗಪಟ್ಟಣದ ಇತಿಹಾಸದಲ್ಲಿ ಯಾರೂ ಬಿಡುವಂತಿಲ್ಲ. ಸುತ್ತಲೂ ನದಿ, ಹೊರಗೆ ಕಾಲುವೆ ಗದ್ದೆಗಳು. 1799ರ ಅನಂತರ ದ್ವೀಪದಲ್ಲಿ ನೆಲೆಸಿದ ಇಂಗ್ಲಿಷ್ ದಂಡು ಆ ಜ್ವರಕ್ಕೆ ಬೆದರಿಯೇ ಕೆಲವು ವರ್ಷಗಳಲ್ಲಿ ಬೆಂಗಳೂರಿಗೆ ಕಾಲ್ತೆಗೆಯಿತು. ಫ್ರೆಂಚರ ಬೀಡು ದ್ವೀಪದ ಒಳಗಿರದೆ ಹಿರೋಡೆಯ ಎತ್ತರದ ಕಲ್ಲುನೆಲದ ಮೇಲೆ ಇದ್ದುದಕ್ಕೆ ರಾಜಕೀಯವಾದ ಕಾರಣವಿದ್ದಿರಬಹುದು, ಏಕೆಂದರೆ ಆಯುಧ ಹಿಡಿದ ಪರಕೀಯರನ್ನು ಯಾವ ಅರಸನೂ ಕೋಟೆಯ ಒಳಗೆ ತುಂಬಿಕೊಳ್ಳಲು ಇಚ್ಛಿಸನು. ಆದರೂ ಆ ಒಣನೆಲ ಅವರಲ್ಲಿ ಎಷ್ಟೋ ಮಂದಿಯ ಪ್ರಾಣವನ್ನು ಉಳಿಸಿರಬೇಕೆಂದು ನನಗೆ ತೋರುತ್ತದೆ.

ಇದೇ ಕಾಲದಲ್ಲಿ ಮೈಸೂರಿನವರು ಫ್ರಾನ್ಸ್ ದೇಶದ ಹಳ್ಳಿಗಾಡನ್ನು ಹಾದುಹೋದ ಪ್ರಸಂಗವೂ ಒಂದುಂಟು. ಟಿಪ್ಪು ಕಳುಹಿಸಿದ ಮೊಹಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮೊಹಮದ್ ಉಸ್ಮಾನ್ ಖಾನ್ ಎಂಬ ಮೂವರು ರಾಯಭಾರಿಗಳು 1788ರ ಜೂನ್ ತಿಂಗಳಲ್ಲಿ ತೂಲೋನ್ ಬಂದರಿನಲ್ಲಿ ಇಳಿದು, ಅಲ್ಲಿಂದ ಭೂಮಾರ್ಗವಾಗಿ ಪ್ಯಾರಿಸ್ಸನ್ನು ಸೇರಿ, ಆಗಸ್ಟ್ 10ರಂದು ವರ್ಸೇಲ್ಸಿನ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ದಾರಿಯುದ್ದಕ್ಕೂ ಇವರ ಪೇಟ, ನಿಲುವಂಗಿಗಳನ್ನು ನೋಡಲು ಜನ ನೆರೆಯುತ್ತಿದ್ದರು. ಇವರು ಮಾತ್ರ ತಮ್ಮ ಅಡುಗೆಯವರನ್ನು ಜೊತೆಯಲ್ಲಿಯೇ ಕರೆದೊಯ್ದು, ಎಲ್ಲಿಯೂ ತಮ್ಮ ಸಂಬಾರದ ಅಡುಗೆಯನ್ನು ಬಿಡಲಿಲ್ಲ. ಪ್ರಸಿದ್ಧ ಚಿತ್ರಗಾರ್ತಿ ವಿಜೆ ಲ ಬ್ರಂ ದರ್ವೇಶ್ ಖಾನನ ಭಾವಚಿತ್ರವನ್ನು ಬರೆದಳು. ಅವರ ಬಿಡಾರದಲ್ಲಿ ನೆಲದ ಮೇಲೆ ಕುಳಿತು, ಕೈಯಿಂದಲೇ ಬಡಿಸಿದ ಖಾರದ ಊಟವನ್ನು ತಾನು ಉಂಡ ಬಗೆಯನ್ನು ತನ್ನ ನೆನಪುಗಳಲ್ಲಿ ವಿಸ್ತಾರವಾಗಿ ಹೇಳಿದ್ದಾಳೆ. ಸೈನ್ಯಸಹಾಯ ದೊರೆಯಲಿಲ್ಲ, ಅದಕ್ಕೆ ಬದಲಾಗಿ ಕೆಲವು ಮಂದಿ ಕುಶಲಕರ್ಮಿಗಳೂ, ಬೀಜ ಸಸಿಗಳೂ, ಪಿಂಗಾಣಿಯ ಪಾತ್ರೆಗಳೂ ರಾಯಭಾರಿಗಳೊಡನೆ ಶ್ರೀರಂಗಪಟ್ಟಣಕ್ಕೆ ಬಂದುವು.

ಹೀಗೆ ಬಂದ ಕುಶಲಕರ್ಮಿಗಳ ಗತಿ ಸಿಪಾಯಿಗಳ ಗತಿಗಿಂತ ಕರುಣಾಜನಕವಾದುದು. ಯುದ್ಧಕ್ಕೆ ಬಂದವನಿಗೆ ಯುದ್ಧ ಅನಿರೀಕ್ಷಿತವಲ್ಲ. ಕುಲುಮೆಯನ್ನೂ ಅಚ್ಚನ್ನೂ ನಂಬಿ ಬಂದವರ ಮೇಲೆ ಮೂರು ವರ್ಷ ತುಂಬುವಷ್ಟರಲ್ಲಿ ಮುತ್ತಿಗೆ ಬಂದೆರಗಿತು. 1792ರ ಫೆಬ್ರವರಿಯಲ್ಲಿ ಇಂಗ್ಲಿಷರ ದಳಪತಿ ಕಾರ್ನ್‌ವಾಲಿಸನು ರಾತ್ರಿ ದಾಳಿಯಿಟ್ಟು ದ್ವೀಪವನ್ನು ಹೊಕ್ಕಾಗ, ಟಿಪ್ಪುವಿನ ಸೇವೆಯಲ್ಲಿದ್ದ 50ಕ್ಕೂ ಹೆಚ್ಚು ಮಂದಿ ಐರೋಪ್ಯರು ಆ ಗಲಭೆಯಲ್ಲಿ ಇಂಗ್ಲಿಷರ ಕಡೆಗೆ ಬಂದು ಸೇರಿದರು. ಅವರಲ್ಲಿ ರಾಯಭಾರಿಗಳೊಡನೆ ಬಂದ ಈ ಕೆಲಸಗಾರರಿದ್ದರು. ಹೈದರನ ಕಾಲದಿಂದಲೂ ಇಲ್ಲಿಯೇ ಇದ್ದು, ಕೋಟೆಕೊತ್ತಳಗಳ ಕೆಲಸದಲ್ಲಿ ಮುಖ್ಯನಾಗಿದ್ದ ವೃದ್ಧ ಬ್ಲೆವೆತ್‌ನೂ ಇದ್ದನು. ತಾನೇ ಎಬ್ಬಿಸಿದ ದಿಬ್ಬಗಳನ್ನು ಹಿಂದೆ ಬಿಟ್ಟು, ಆ ವಯಸ್ಸಿನಲ್ಲಿ ಶತ್ರುವಿನ ಪಾಳೆಯವನ್ನು ಆಶ್ರಯಿಸಿದವನನ್ನು ದ್ರೋಹಿಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ನನಗೆ ಮನಸ್ಸು ಬಾರದು.

ದೂರದಲ್ಲಿದ್ದವರು ತಮ್ಮವರೊಡನೆ ಕೂಡಿ ಸ್ವದೇಶದ ಹಬ್ಬವನ್ನು ಆಚರಿಸಬಯಸುವುದು ಸಹಜ. 1797ರ ಮೇ ತಿಂಗಳಲ್ಲಿ ರಿಪೋ ಎಂಬ ನಾವಿಕನ ಮುಂದಾಳುತನದಲ್ಲಿ ಶ್ರೀರಂಗಪಟ್ಟಣದ ಫ್ರೆಂಚರು ಜಾಕೊಬಿನ್ ಸಂಘವೊಂದನ್ನು ಕಟ್ಟಿ, ಸ್ವಾತಂತ್ರ್ಯವೃಕ್ಷವನ್ನು ನೆಟ್ಟು, ತಮ್ಮ ಗಣರಾಜ್ಯದ ಧ್ವಜವನ್ನು ಏರಿಸಿದರೆಂದು, ಕೋಟೆ ಬಿದ್ದ ಮೇಲೆ ಇಂಗ್ಲಿಷರ ಕೈಗೆ ಸಿಕ್ಕಿದ ಪತ್ರಗಳು ಹೇಳುತ್ತವೆ. ಆ ಪತ್ರಗಳನ್ನು ಸಂಶಯಿಸಿದ ಚರಿತ್ರಕಾರರೂ ಇದ್ದಾರೆ. ಮರುವರ್ಷ ಮಾರಿಷಸ್ಸಿನಿಂದ ಬಂದ ಸ್ವಯಂಸೇವಕರು ನೂರರಷ್ಟೂ ಇರಲಿಲ್ಲ. 1799ರ ಮೇ 4ರಂದು ಕೋಟೆ ಬಿದ್ದಾಗ ಉಳಿದ ಫ್ರೆಂಚರು ಸೆರೆಯಾದರು. ಹಿರೋಡೆಯ ಬೀಡು ಇಂಗ್ಲಿಷರ ದಂಡಿನ ಠಾಣ್ಯವಾಗಿ ಬಹುಕಾಲ ಉಳಿಯಿತು. ಫ್ರೆಂಚರಿದ್ದ ಸ್ಥಳವೆಂಬ ಗುರುತನ್ನು ಅಲ್ಲಿ ಬಾಳಿಸಿದವರು ಅವರನ್ನು ಸೋಲಿಸಿದವರೇ.

ಈ ದುರಂತವಾದ ಕೂಡಲೆ ಅದೇ ಶ್ರೀರಂಗಪಟ್ಟಣಕ್ಕೆ ಇನ್ನೊಬ್ಬ ಫ್ರೆಂಚ್ ಮಹನೀಯರು ಬಂದರು. ಬಂದವರು ಬಂದೂಕನ್ನು ತರಲಿಲ್ಲ. ಫ್ರಾನ್ಸಿನ ಆರ್ದೆಶ್ ಸೀಮೆಯ ಸೇಂ ರೆಮೆಜ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಅಬ್ಬೆ ದುಬಾಯ್ ಅವರು 1792ರಲ್ಲಿ, ಕ್ರಾಂತಿಯ ಉರಿ ಪಾದ್ರಿಗಳನ್ನು ಸುಡಲಾರಂಭಿಸಿದ ಕಾಲದಲ್ಲಿ, ಪ್ಯಾರಿಸ್ಸಿನ ವಿದೇಶೀ ಮಿಷನ್ನಿನ ವತಿಯಿಂದ ಭಾರತಕ್ಕೆ ಹೊರಟವರು. ತಮಿಳು ಸೀಮೆಯಲ್ಲಿ ಕೆಲವು ವರ್ಷ ಕೆಲಸ ಮಾಡಿ, 1799ರ ಅನಂತರ, ಟಿಪ್ಪುವಿನ ಕಾಲದಲ್ಲಿ ಚದರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ಇಲ್ಲಿಗೆ ಬಂದರು. ದ್ವೀಪದಲ್ಲಿಯೇ ಇರುವ ಗಂಜಾಮಿನ ಇಗರ್ಜಿ ಅವರು ಕಟ್ಟಿಸಿದುದು. ಮೈಸೂರಿನ ಜನ ಅವರನ್ನು ದೊಡ್ಡಸ್ವಾಮಿಯವರೆಂದು ಕರೆಯುತ್ತಿದ್ದರು.

ಹಿರೋಡೆಯ ಸಿಪಾಯಿಗಳು ತಮ್ಮ ದೇಶವನ್ನು ಪಾಳೆಯದ ಒಳಗೆ ಕಟ್ಟಿಕೊಳ್ಳಲು ಯತ್ನಿಸಿದರೆ, ದುಬಾಯ್ ಅವರು ಅದನ್ನು ಹೊಸ್ತಿಲಾಚೆ ಬಿಟ್ಟರು. ಜನರ ವಿಶ್ವಾಸವನ್ನು ಗಳಿಸಬೇಕಾದರೆ ಅವರಂತೆ ಬಾಳಬೇಕೆಂದು ಆರಂಭದಲ್ಲಿಯೇ ನಿಶ್ಚಯಿಸಿ, ಅವರ ಉಡುಪನ್ನುಟ್ಟು, ಅವರ ನಡೆವಳಿಕೆಯನ್ನು ಕಲಿತು, ತಮಗೆ ಒಪ್ಪದ ಆಚಾರಗಳ ಮುಂದೆಯೂ ಜುಗುಪ್ಸೆಯನ್ನು ತೋರಿಸದೆ ಇದ್ದುದಾಗಿ ತಮ್ಮ ಗ್ರಂಥದಲ್ಲಿ ಹೇಳಿಕೊಂಡಿದ್ದಾರೆ. ಆ ಗ್ರಂಥವನ್ನು ಹಿಂದೂ ಆಚಾರಗಳ ವರ್ಣನೆಯೆಂದು ಓದುವುದು ವಾಡಿಕೆ. ನಾನು ಅದನ್ನು ಪರದೇಶಿಯೊಬ್ಬನ ದಿನಚರಿಯ ಕೈಪಿಡಿಯೆಂದೂ ಓದಿದ್ದೇನೆ. ನೀರು ಕುಡಿಯುವಾಗ ಚೊಂಬನ್ನು ತುಟಿಗೆ ಸೋಕಿಸದೆ ಮೇಲಕ್ಕೆತ್ತಿ ಗಂಟಲಿಗೆ ಧಾರೆಯಾಗಿ ಬಿಟ್ಟುಕೊಳ್ಳಬೇಕು. ಮೂಗನ್ನು ವಸ್ತ್ರದಲ್ಲಿ ಒರೆಸಿ ಆ ವಸ್ತ್ರವನ್ನು ಜೇಬಿನಲ್ಲಿ ಮಡಿಸಿಟ್ಟುಕೊಳ್ಳುವ ಐರೋಪ್ಯರ ಪದ್ಧತಿ ಇಲ್ಲಿಯವರಿಗೆ ಹೇಸಿಗೆ. ಚರ್ಮದ ಪಾದರಕ್ಷೆಯನ್ನು ಮೆಟ್ಟಿ ಒಳಗೆ ಬರುವುದು ಮನೆಯವರಿಗೆ ಅಪಮಾನ. ಎಂಜಲೆಂಬ ಒಂದು ಭಾವನೆ ಊಟದ ಎಲೆಯಿಂದ ಹಿಡಿದು ಹಲ್ಲುಜ್ಜುವ ಕಡ್ಡಿಯವರೆಗೆ ಹೇಗೆ ಹಬ್ಬಿದೆಯೆಂಬುದನ್ನು ಅವರು ಗುರುತಿಸಿದುದು, ಪ್ರತಿದಿನವೂ ಅದನ್ನು ಪಾಲಿಸಬೇಕಾದವನ ಎಚ್ಚರಿಕೆಯಿಂದ. ನೀರಿನ ಧಾರೆಯನ್ನು ಮೂಗಿಗೆ ಹತ್ತಿಸಿಕೊಳ್ಳದೆ ನುಂಗುವ ವಿದ್ಯೆ ಹೊಸಬನಿಗೆ ಒಂದು ದಿನದಲ್ಲಿ ಬರುವಂಥದಲ್ಲ. ಆ ಅಭ್ಯಾಸದ ಹಿಂದೆ ಎಷ್ಟು ತಾಳ್ಮೆಯಿದ್ದಿರಬೇಕೆಂದು ನೆನೆದಾಗ ನನಗೆ ಗೌರವ ಹುಟ್ಟುತ್ತದೆ. ಥಾಮಸ್ ಹಿಕ್ಕಿಯೆಂಬ ಚಿತ್ರಕಾರ ಬರೆದ ಅವರ ಭಾವಚಿತ್ರದಲ್ಲಿಯೂ ಇಲ್ಲಿಯ ನಿಲುವಂಗಿಯನ್ನು ಧರಿಸಿ, ಬಿಳಿಯ ರುಮಾಲು ಸುತ್ತಿಕೊಂಡ ಮನುಷ್ಯನೇ ಕಾಣುತ್ತಾನೆ.

ಈ ಗ್ರಂಥದ ವಿಷಯದಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಅದರ ಬಹುಭಾಗಕ್ಕೆ ಅವರಿಗಿಂತ ಪೂರ್ವದಲ್ಲಿದ್ದ ಜೆಸುಯಿಟ್ ಪಾದ್ರಿ ಕೇರ್ದೂ ಅವರ ಹಸ್ತಪ್ರತಿಯೇ ಆಧಾರವೆಂದು ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಮೈಸೂರಿನ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನ ಮೂಲಕ ಕುಂಪಣಿ ಸರ್ಕಾರ 2000 ನಕ್ಷತ್ರವರಹಗಳಿಗೆ ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಆ ಪುಸ್ತಕದಿಂದ ದುಬಾಯ್ ಅವರಿಗೆ ಬಂದ ಕೀರ್ತಿಯಲ್ಲಿ ಇನ್ನೊಬ್ಬರ ಪಾಲೂ ಇದೆ. ಬ್ರಾಹ್ಮಣರನ್ನು ಕುರಿತ ಅವರ ತೀರ್ಪುಗಳಲ್ಲಿ ಎಷ್ಟೋ ಅನ್ಯಾಯವಾದುವೂ ಉಂಟು.

ಆದರೆ ಸಿಡುಬಿನ ವಿಷಯದಲ್ಲಿ ಅವರು ಮಾಡಿದುದು ಯಾರಿಂದಲೂ ಎರವಲು ತಂದುದಲ್ಲ. ಗೋವಿನ ಸಿಡುಬಿನ ರಸದಿಂದ ಲಸಿಕೆ ಹಾಕುವ ವಿದ್ಯೆ ಭಾರತಕ್ಕೆ ಬಂದುದು 1802ರಲ್ಲಿ. 1803–04ರ ಹೊತ್ತಿಗೆ ದುಬಾಯ್ ಅವರ ನಿರ್ದೇಶನದಲ್ಲಿ ಮೈಸೂರು ಸೀಮೆಯ 25,432 ಜನರಿಗೆ ಲಸಿಕೆಯಾಯಿತೆಂದು ಸರ್ಕಾರದ ಲೆಕ್ಕವಿದೆ. ಆ ಕಾಲದ ಲಸಿಕೆ ಸೀಸೆಯಲ್ಲಿ ತುಂಬಿ ಬರುವಂಥದಾಗಿರಲಿಲ್ಲ. ಒಂದು ಮಗುವಿನ ತೋಳಿನ ಮೇಲೆ ಎದ್ದ ಗುಳ್ಳೆಯಿಂದ ಸುಮಾರು ಎಂಟನೆಯ ದಿನ ರಸವನ್ನು ತೆಗೆದು, ಒಡನೆಯೇ ಇನ್ನೊಂದು ಮಗುವಿನ ತೋಳಿಗೆ ಗೀರಿ ಹಚ್ಚಬೇಕಾಗಿದ್ದಿತು. ಆ ಸರಪಣಿಯಲ್ಲಿ ಒಂದು ಕೊಂಡಿ ತಪ್ಪಿದರೆ ಊರಿಗೆ ಊರೇ ಲಸಿಕೆಯಿಲ್ಲದೆ ಉಳಿಯುತ್ತಿದ್ದಿತು. ಸಿಡುಬನ್ನು ಅಮ್ಮನೆಂದು ಭಯಭಕ್ತಿಗಳಿಂದ ಕರೆಯುವ ಊರುಗಳಲ್ಲಿ, ಮೈಲಿಗೆಯ ಎಣಿಕೆ ಇಷ್ಟು ಸೂಕ್ಷ್ಮವಾಗಿರುವ ಸಮಾಜದಲ್ಲಿ, ಅನ್ಯಜಾತಿಯ ಕೂಸಿನ ಗಾಯದ ರಸವನ್ನು ತನ್ನ ಕೂಸಿಗೆ ಹಚ್ಚಿಸಿಕೊಳ್ಳಲು ತಾಯಿಯೊಬ್ಬಳು ಒಪ್ಪಬೇಕಾದರೆ, ಕೇಳುವವನ ಮೇಲೆ ಅವಳಿಗೆ ಎಂಥ ವಿಶ್ವಾಸ ಹುಟ್ಟಿರಬೇಕು! ಚೊಂಬನ್ನು ಎತ್ತಿ ಕುಡಿಯಲು ಕಲಿತದ್ದು, ಪಾದರಕ್ಷೆಯನ್ನು ಹೊರಗೆ ಬಿಟ್ಟದ್ದು, ಇವೆಲ್ಲ ಇಲ್ಲಿ ಫಲಕ್ಕೆ ಬಂದುವು. ಇದೇ ಹಿಕ್ಕಿ 1805ರಲ್ಲಿ ಬರೆದ ಮೈಸೂರು ಅರಮನೆಯ ಸ್ತ್ರೀಯರ ಚಿತ್ರವೊಂದು ಲಸಿಕೆಯ ಪ್ರಚಾರಕ್ಕಾಗಿಯೇ ರಚಿತವಾದುದೆಂದು ಇತ್ತೀಚಿನ ವಿದ್ವಾಂಸರು ವಾದಿಸಿದ್ದಾರೆ.

ಹಾಸನದ ಸೀಮೆಯಲ್ಲಿ ಅವರು ಕ್ರೈಸ್ತ ಒಕ್ಕಲಿಗರಿಗಾಗಿ ಬೇಸಾಯದ ಹಳ್ಳಿಯೊಂದನ್ನೂ ನೆಲೆಗೊಳಿಸಿದರು. ಇಷ್ಟಾದರೂ, ತಾವು ಬಂದ ಮುಖ್ಯ ಕಾರ್ಯ ಕೈಗೂಡಲಿಲ್ಲವೆಂಬ ವ್ಯಥೆ ಅವರನ್ನು ಬಿಡಲಿಲ್ಲ. ಹಿಂದೂಗಳನ್ನು ಮತಾಂತರಿಸುವುದು ಅಸಾಧ್ಯವೆಂದು 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ನೇರವಾಗಿ ಬರೆದು ಸ್ವಪಕ್ಷದವರ ಸಿಟ್ಟಿಗೆ ಗುರಿಯಾದರು. ಆ ವರ್ಷದ ಜನವರಿಯಲ್ಲಿಯೇ, ಕುಂಪಣಿ ಕೊಟ್ಟ ವಿಶ್ರಾಂತಿವೇತನದೊಡನೆ, ಅವರು ಭಾರತವನ್ನು ಬಿಟ್ಟಿದ್ದರು. ತಾರುಣ್ಯದಲ್ಲಿ ಬಿಟ್ಟುಬಂದ ದೇಶಕ್ಕೆ ಐವತ್ತೇಳರ ವಯಸ್ಸಿನಲ್ಲಿ ಮರಳಿದವರಿಗೆ ಅಲ್ಲಿ ಪರಿಚಿತವಾದುದು ಬಹಳ ಉಳಿದಿರಲಾರದು. ಅರಸನ ತಲೆ ಹೋಗಿ, ನೆಪೋಲಿಯನ್ ಬಂದು ಹೋಗಿ, ಮತ್ತೆ ಅರಸರ ಕಾಲ ಬಂದಿದ್ದಿತು.

ಪ್ಯಾರಿಸ್ಸಿನಲ್ಲಿ ತಮ್ಮ ಮಿಷನ್ನಿನ ಮಠವನ್ನು ಸೇರಿ, ಮುಂದೆ ಅದರ ಮುಖ್ಯಸ್ಥರಾಗಿಯೂ ಇದ್ದು, 1848ರಲ್ಲಿ ಅವರು ಕಾಲವಾದರು. ಹಿಂದಿರುಗಿದ ಕೆಲವೇ ವರ್ಷಗಳಲ್ಲಿ ಅವರು ಕೈಹಾಕಿದ ಕೆಲಸ ಮಾತ್ರ ಮತಪ್ರಚಾರದ್ದಲ್ಲ. ಇಲ್ಲಿದ್ದಾಗ ಕಲೆಹಾಕಿದ ತಮಿಳು, ತೆಲುಗು, ಕನ್ನಡ ಪಾಠಗಳನ್ನು ಮುಂದಿಟ್ಟುಕೊಂಡು ಪಂಚತಂತ್ರವನ್ನು ಫ್ರೆಂಚಿಗೆ ಅನುವಾದಿಸಿ, ಅದರ ಜೊತೆಗೆ ಪರಮಾರ್ಥಗುರುವಿನ ಕಥೆಗಳನ್ನೂ ಸೇರಿಸಿ, 1826ರಲ್ಲಿ ಪ್ರಕಟಿಸಿದರು.