ಶರಣಸತಿ – ಲಿಂಗಪತಿ: ಅಳಿವಿಲ್ಲದವನಿಗೆ ಒಲಿದ ಅಳಿಯುವ ಜೀವ

ಸಾಯುವ ಮನುಷ್ಯನಿಗೂ ಸಾವಿಲ್ಲದವನಿಗೂ ನಡುವೆ ಒಲವು ಸಾಧ್ಯವೇ? ಈ ಪ್ರಶ್ನೆ ಲೋಕದ ಅನೇಕ ಕಥೆಗಳಲ್ಲಿದೆ. ಊರ್ವಶಿಯನ್ನು ಕಳೆದುಕೊಂಡ ಪುರೂರವ ಹುಚ್ಚನಂತೆ ಅಲೆದನು. ಗ್ರೀಕರ ಪುರಾಣದಲ್ಲಿ ಉಷೆಯ ದೇವತೆ ತನ್ನ ಪ್ರಿಯನಿಗೆ ಅಮರತ್ವವನ್ನು ಬೇಡಿದಳು, ಯೌವನವನ್ನು ಬೇಡಲು ಮರೆತಳು. ಅವನು ಸಾಯದೆ ಮುಪ್ಪಾಗುತ್ತಲೇ ಹೋದನು. ಈ ಕಥೆಗಳಲ್ಲಿ ಒಬ್ಬರ ಆಯುಷ್ಯ ಇನ್ನೊಬ್ಬರಿಗೆ ಸಾಲದು, ಆದ್ದರಿಂದ ಕೊನೆಗೆ ಉಳಿಯುವುದು ಅಗಲಿಕೆ. ನಮ್ಮ ಶರಣರು ಇದೇ ಪ್ರಶ್ನೆಗೆ ಬೇರೊಂದು ಉತ್ತರವನ್ನು ಕೊಟ್ಟರು. ಅದೇ ಶರಣಸತಿ – ಲಿಂಗಪತಿ ಭಾವ.

ಭಾವದ ಅರ್ಥ

ಶರಣನೇ ಸತಿ, ಲಿಂಗವೇ ಪತಿ ಎಂದು ತಿಳಿದು ನಡೆಯುವುದು ಈ ಭಾವ. ಷಟ್‌ಸ್ಥಲಗಳಲ್ಲಿ ಐದನೆಯದಾದ ಶರಣಸ್ಥಲಕ್ಕೆ ಇದು ವಿಶೇಷವಾಗಿ ಸಲ್ಲುತ್ತದೆ. ಅದರ ಮುಂದಿನದು ಐಕ್ಯ. ಇಲ್ಲಿ ಸತಿ ಎಂಬುದು ಹೆಣ್ಣಿಗೆ ಮಾತ್ರ ಮೀಸಲಾದ ಪದವಲ್ಲ. ಉರಿಲಿಂಗದೇವ, ಗಜೇಶ ಮಸಣಯ್ಯ ಮೊದಲಾದ ಪುರುಷ ಶರಣರೂ ತಮ್ಮನ್ನು ಸತಿಯೆಂದೇ ಭಾವಿಸಿ ವಚನಗಳನ್ನು ನುಡಿದರು. ಲಿಂಗದ ಮುಂದೆ ಎಲ್ಲ ಜೀವಗಳೂ ಸತಿಯರೇ. ಈ ಸತಿ ತನ್ನ ಪತಿಯಿಂದ ದೀರ್ಘಾಯುಷ್ಯವನ್ನು ಬೇಡುವುದಿಲ್ಲ. ಬೇರೆಯಾಗಿ ಉಳಿಯದಂತೆ ಅವನಲ್ಲಿ ಒಂದಾಗುವುದನ್ನೇ ಬೇಡುತ್ತಾಳೆ.

ಉಡುತಡಿಯ ಮಹಾದೇವಿ

ಈ ಒಲವಿನ ಶಿಖರ ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ. ಶಿವಮೊಗ್ಗ ಸೀಮೆಯ ಉಡುತಡಿಯಲ್ಲಿ ಹುಟ್ಟಿದ ಅವಳನ್ನು ಕೌಶಿಕನೆಂಬ ಅರಸ ಬಯಸಿದನು. ಹರಿಹರನ ರಗಳೆಯಲ್ಲಿ ಅವಳು ಕೆಲವು ಕರಾರುಗಳ ಮೇಲೆ ಅವನನ್ನು ವರಿಸಿ, ಅವನು ಮಾತಿಗೆ ತಪ್ಪಿದಾಗ ಹೊರಟುಹೋಗುತ್ತಾಳೆ. ಮುಂದೆ ಕಲ್ಯಾಣದ ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳು ಅವಳನ್ನು ಪರೀಕ್ಷಿಸಿದರು. ಪತಿ ಯಾರೆಂಬ ಪ್ರಶ್ನೆಗೆ ಅವಳ ಉತ್ತರ ಚೆನ್ನಮಲ್ಲಿಕಾರ್ಜುನ. ಮುಪ್ಪಾಗುವ, ಅಳಿಯುವ ಗಂಡಂದಿರ ಒಲವು ತನಗೆ ಸಾಲದೆಂಬುದು ಅವಳ ನಿಲುವು. ಕೊನೆಗೆ ಶ್ರೀಶೈಲದ ಕದಳಿಯಲ್ಲಿ ಅವಳು ಐಕ್ಯಳಾದಳೆಂದು ಪರಂಪರೆ ಹೇಳುತ್ತದೆ.

ಆದರೆ ಆ ನಿಲುವಿನ ಹಿಂದೆ ದೀರ್ಘವಾದ ವಿರಹವಿದೆ. ಗಿಳಿ, ಕೋಗಿಲೆ, ಹಂಸ, ನವಿಲುಗಳನ್ನು ಕಂಡು ತನ್ನ ಒಡೆಯನನ್ನು ಕಂಡಿರಾ ಎಂದು ಅವಳು ವಿಚಾರಿಸಿದಳು. ಚಳಿಗಾಲದಲ್ಲಿ ಬೋನಾಳದ ಕೆರೆಯ ದಂಡೆಯಲ್ಲಿ ನಿಂತು, ದೂರ ದೇಶಗಳಿಂದ ಬಂದಿಳಿದ ಹಕ್ಕಿಗಳನ್ನು ನೋಡುವ ನಮ್ಮ ಸುರಪುರ ಸೀಮೆಯ ಭಕ್ತರಿಗೆ ಆ ವಿಚಾರಣೆಯ ಆರ್ತತೆ ಸುಲಭವಾಗಿ ತಿಳಿದೀತು.

ಮುದನೂರಿನ ದಂಪತಿ

ಅಳಿವಿಲ್ಲದವನಿಗೆ ಒಲಿದವರು ಮನೆಯನ್ನು ಬಿಡಲೇಬೇಕೆ? ಇದಕ್ಕೆ ಉತ್ತರ ಇದೇ ಸುರಪುರ ಸೀಮೆಯಲ್ಲಿದೆ. ಬೋನಾಳವಿರುವ ಈ ನಾಡಿನದೇ ಊರು ಮುದನೂರು. ಅದು ಆದ್ಯ ವಚನಕಾರರಲ್ಲಿ ಒಬ್ಬರಾದ ದಾಸಿಮಯ್ಯನವರ ಊರು, ಅವರ ಆರಾಧ್ಯ ದೈವ ರಾಮನಾಥನ ನೆಲೆ. ನೇಯ್ಗೆಯ ಕಾಯಕದ ದಾಸಿಮಯ್ಯನವರು ಸತಿಪತಿಗಳು ಒಂದಾಗಿ ಮಾಡುವ ಭಕ್ತಿಯೇ ಶಿವನಿಗೆ ಪ್ರಿಯವೆಂದು ಸಾರಿದರು. ಅವರ ಪತ್ನಿ ದುಗ್ಗಳೆಯೂ ವಚನಕಾರ್ತಿ. ಅವಳ ಅಂಕಿತ ‘ದಾಸಯ್ಯಪ್ರಿಯ ರಾಮನಾಥ’. ಅಳಿಯುವ ಪತಿಯ ಹೆಸರೂ ಅಳಿವಿಲ್ಲದ ಪತಿಯ ಹೆಸರೂ ಒಂದೇ ಅಂಕಿತದಲ್ಲಿ ಕೂಡಿವೆ. ಆಯ್ದಕ್ಕಿ ಲಕ್ಕಮ್ಮನ ಅಂಕಿತವಾದ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ವೂ ಹೀಗೆಯೇ ಇದೆ.

ಅಕ್ಕ ಬಿಟ್ಟು ನಡೆದಳು, ದುಗ್ಗಳೆ ಜೊತೆಗೂಡಿ ನಡೆದಳು. ಹಾದಿಗಳು ಬೇರೆಯಾದರೂ ಇಬ್ಬರ ಪತಿಯೂ ಲಿಂಗವೇ. ಒಂದನ್ನು ಹಿಡಿದು ಇನ್ನೊಂದನ್ನು ಹೀಗಳೆಯುವುದು ಸಲ್ಲದೆಂದು ನಾವು ಭಾವಿಸುತ್ತೇವೆ.

ಅಂಗೈಯ ಲಿಂಗ, ಮಣ್ಣಿನ ಒಡಲು

ಈ ಭಾವವು ಕೇವಲ ಕಾವ್ಯದ ಕಲ್ಪನೆಯಾಗಿ ಉಳಿಯಲಿಲ್ಲ. ಆಚರಣೆಯಾಗಿ ನಮ್ಮ ಮೈಮೇಲೆಯೇ ಇದೆ. ಇಷ್ಟಲಿಂಗವು ಗುರುವಿನ ಕೈಯಿಂದ ನಮ್ಮ ಅಂಗೈಗೆ ಬಂದು, ದೇಹವಿರುವ ತನಕ ದೇಹದೊಡನೆ ಇರುತ್ತದೆ. ಉಸಿರು ನಿಂತ ಮೇಲೂ ಅದನ್ನು ಬೇರ್ಪಡಿಸುವುದಿಲ್ಲ. ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವಾಗ ಎಡಗೈಯಲ್ಲಿ ಲಿಂಗವನ್ನು ಇರಿಸುತ್ತಾರೆ. ಅಳಿಯುವ ಒಡಲಿನೊಡನೆ ಅಳಿವಿಲ್ಲದವನೂ ಮಣ್ಣಿಗೆ ಇಳಿಯುತ್ತಾನೆ. ಊರ್ವಶಿ ಪುರೂರವನನ್ನು ತೊರೆದು ಹೋದಳು. ಲಿಂಗಪತಿ ಸಮಾಧಿಯಲ್ಲಿಯೂ ಕೈಬಿಡುವುದಿಲ್ಲ. ಆದ್ದರಿಂದಲೇ ನಾವು ಸತ್ತರೆನ್ನದೆ ಲಿಂಗೈಕ್ಯರಾದರು ಎನ್ನುತ್ತೇವೆ.

ನಮ್ಮ ಮನೆಗಳಲ್ಲಿ

ಈ ತತ್ತ್ವವನ್ನು ಒಪ್ಪಿದವರು ಒಂದು ಪ್ರಶ್ನೆಯನ್ನು ತಪ್ಪದೆ ಎದುರಿಸಬೇಕು. ಲಿಂಗವೇ ಪತಿಯಾದರೆ ಶರಣೆಗೆ ವೈಧವ್ಯವೆಲ್ಲಿಯದು? ಗಂಡ ತೀರಿಕೊಂಡಾಗ ಬಂಧುಗಳು ಅವಳ ತಾಳಿಯನ್ನು ತೆಗೆಯುತ್ತಾರೆ. ಅದೇ ಕೊರಳಿನ ಇಷ್ಟಲಿಂಗವನ್ನು ತೆಗೆಯುವ ಅಧಿಕಾರ ಯಾರಿಗೂ ಇಲ್ಲ. ಹಣೆಯ ವಿಭೂತಿಯನ್ನು ಅಳಿಸುವ ಅಧಿಕಾರವೂ ಇಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಶರಣ ಧರ್ಮ ಅಲ್ಲಗಳೆದಿದೆ. ಮರಣದ ಸೂತಕವೇ ಇಲ್ಲವೆಂದ ಮೇಲೆ, ಮರಣವೊಂದು ಹೆಣ್ಣುಮಗಳನ್ನು ಬಾಳಿನುದ್ದಕ್ಕೂ ಅಮಂಗಲೆಯನ್ನಾಗಿ ಮಾಡುವುದೆಂತು?

ಆದರೂ ಮಗಳ ಮದುವೆಯಲ್ಲಿ ಹೆತ್ತ ತಾಯಿಯೇ ಹಂದರದ ಅಂಚಿನಲ್ಲಿ ಕುಳಿತಿರುತ್ತಾಳೆ. ಸೊಸೆಯ ಉಡಿ ತುಂಬಲು ಅವಳನ್ನು ಕರೆಯುವುದಿಲ್ಲ, ಆರತಿಯ ತಟ್ಟೆ ಅವಳ ಕೈಗೆ ಬರುವುದಿಲ್ಲ. ಮುಂಜಾನೆ ಲಿಂಗಪೂಜೆ ಮಾಡಿದ ಕೈ ಸಂಜೆಯ ಆರತಿಗೆ ಸಲ್ಲದೆ ಹೋಗುವುದು ಯಾವ ನ್ಯಾಯ? ಅವಳನ್ನು ಹಿಂದೆ ಸರಿಸುವವರು ಅವಳ ನಿಜಪತಿಯನ್ನೇ ಇಲ್ಲವೆಂದಂತೆ ಆಗುತ್ತದೆ.

ಸದ್ಭಕ್ತರು ತಮ್ಮ ಮನೆಯ ಮುಂದಿನ ಮಂಗಲಕಾರ್ಯದಲ್ಲಿ ಅಂಥ ತಾಯಿಯಿಂದಲೇ ಮೊದಲ ಆರತಿ ಮಾಡಿಸಲಿ. ಅಕ್ಕನ ಜಯಂತಿಯಂದು ಅವಳ ವಚನಗಳನ್ನು ಹಾಡುವ ನಾವು, ಅವಳ ಒಲವನ್ನು ನಂಬಿದ್ದೇವೆ ಎಂಬುದಕ್ಕೆ ಅದೊಂದು ಸಾಕ್ಷಿಯಾದೀತು.