ಶ್ರೀರಂಗಪಟ್ಟಣದ ಎರಡು ತೋಟಗಳು

ಪ್ರವಾಸ ಬಂದ ವಿದ್ಯಾರ್ಥಿಗಳು ಶ್ರೀರಂಗಪಟ್ಟಣದಲ್ಲಿ ತಪ್ಪದೆ ನೋಡುವ ಉದ್ಯಾನ ದರಿಯಾ ದೌಲತ್. ಅದರ ನಡುವಿನ ಬೇಸಿಗೆ ಅರಮನೆಯನ್ನು ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ. ಪಶ್ಚಿಮದ ಗೋಡೆಯ ಚಿತ್ರವನ್ನು ನಿಧಾನವಾಗಿ ನೋಡಬೇಕು: 1780ರ ಪೊಲ್ಲಿಲೂರು ಕದನ, ಸೋತ ಕರ್ನಲ್ ಬೇಲಿ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಇಲ್ಲಿಯೇ ವಾಸವಿದ್ದ. ಗೆದ್ದವರಿಗೆ ಬೇಕಾಗಿದ್ದುದರಿಂದಲೇ ಅರಮನೆ ಉಳಿಯಿತೆಂದು ತೋರುತ್ತದೆ.

ಗಂಜಾಮಿನ ಲಾಲ್‌ಬಾಗಿಗೆ (ಬೆಂಗಳೂರಿನದಲ್ಲ) ಆ ಅದೃಷ್ಟವಿರಲಿಲ್ಲ. ಹೈದರ್ ಅಲಿ, ಟಿಪ್ಪು ಇಬ್ಬರ ಸಮಾಧಿಯಿರುವ ಗುಂಬಜ್ ಅಲ್ಲಿದೆ, ಸುತ್ತ ತೋಟವಿದೆ. ಅರಮನೆ ಮಾತ್ರ ಇಲ್ಲ. ಅದನ್ನು ಕಳಚಿ ಮರವನ್ನು ಬೆಟ್ಟ ಹತ್ತಿಸಿ ಉದಕಮಂಡಲಕ್ಕೆ ಸಾಗಿಸಿದರು. 1829ರಲ್ಲಿ ಅಡಿಗಲ್ಲು ಹಾಕಿದ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಅದೇ ತೊಲೆಯಾಯಿತು. ಊಟಿಗೆ ಹೋದವರು ಆ ಚರ್ಚಿನೊಳಗೆ ಒಮ್ಮೆ ತಲೆಯೆತ್ತಿ ನೋಡಿ.